ಪತಂಗದ ಹಂಗಾಮು

ಜುಲೈ 19

ಈ ವರ್ಷದ ಮೊದಲ ಪತಂಗ ಇವತ್ತು ಕಣ್ಣಿಗೆ ಬಿತ್ತು. ಬಿಸಿಲು ಸ್ಪ್ರೂಸ್ ಮರಗಳ ನೆತ್ತಿ ಮುಟ್ಟುವ ಹೊತ್ತಿಗೆ ಒಂದೊಂದೇ ಉದುರತೊಡಗಿದವು. ಒಣಹುಲ್ಲಿನ ಬಣ್ಣ, ಹೆಬ್ಬೆರಳ ಉಗುರಿನಷ್ಟು ಗಾತ್ರ. ನೀರಿಗೆ ಬಿದ್ದದ್ದು ಮತ್ತೆ ಏಳಲಾರದು, ರೆಕ್ಕೆ ಬಡಿಯುತ್ತ ಬಿದ್ದಲ್ಲೇ ಬುಗುರಿಯಂತೆ ತಿರುಗುತ್ತದೆ. ಲಾಸ್ಟ್ ಆಕ್ಸ್ ಹೊಳೆಯ ಟ್ರೌಟ್ ಮೀನುಗಳಿಗೆ ಇನ್ನೂ ನಂಬಿಕೆ ಬಂದಿಲ್ಲ. ನಾಳಿದ್ದು ಬರುತ್ತದೆ.

ಗಾಳದ ಅಂಗಡಿಯಿಂದ ಬರ್ನಿ ಫೋನ್ ಮಾಡಿದ್ದಳು. "ಎಮಿಲ್, ನಿನ್ನ ಹುಸಿ ಪತಂಗ ಇಲ್ಲದೆ ನನ್ನ ಗೈಡುಗಳೆಲ್ಲ ಬೆತ್ತಲೆ ನಿಂತಿದಾರೆ ಕಣೋ. ಬೇಗ ಕಟ್ಟು." ಮಂಡಿ ಹೋಗಿ ದೋಣಿ ನಡೆಸುವುದನ್ನು ಬಿಟ್ಟ ಮೇಲೆ ನನಗುಳಿದಿರುವುದು ಇದೇ ಕೆಲಸ, ಗಾಳದ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮೀನು ನಂಬುವಂಥ ಪತಂಗ ಕಟ್ಟುವುದು. ಸಂಜೆವರೆಗೆ ಕಟ್ಟಿದೆ.

ಕಾಡ್ಗಿಚ್ಚು ಆರಿಸುವ ಪಡೆಯಲ್ಲಿರುವ ಮಗಳು ಮಿಲ್ಕಾಳ ಫೋನೂ ಬಂತು. "ಅಪ್ಪಾ, ನಮ್ಮ ಪಡೆನ ಹೊಳೆ ತಲೆಕಡೆಗೇ ಹಾಕಿದಾರೆ. ಈ ಸಲ ನಮ್ಮೂರ ಬೆಂಕಿನೇ." ಬೇರೆಯವರ ಮಕ್ಕಳು ಮದುವೆಯ ಊಟದ ಸುದ್ದಿ ಹೇಳುವ ಖುಷಿಯಲ್ಲಿ ಇವಳು ಕಾಡ್ಗಿಚ್ಚಿನ ಸುದ್ದಿ ಹೇಳುತ್ತಾಳೆ. ಅವಳಿರುವ ಮೇಲಿನ ಹಳ್ಳಿಯ ಮನೆಗಳನ್ನೆಲ್ಲ ಖಾಲಿ ಮಾಡಿಸುತ್ತಿದ್ದಾರಂತೆ. ಅವಳ ಗಂಡ ಇಲ್ಲಿಗೆ ಬರುತ್ತಾನಂತೆ.

"ಅವನಿಗೆ ಸ್ನೇಹಿತರು ಯಾರೂ ಇಲ್ವಾ?"

"ಅಪ್ಪಾ."

"ಬರ್ಲಿ ಬಿಡು."

ಜುಲೈ 21

ಬಂದ. ಒಂದು ಪೆಟ್ಟಿಗೆ, ಒಂದು ಟ್ರೊಂಬೋನ್ ಕಹಳೆ, ಕುಂಡದಲ್ಲಿ ಒಂದು ಜರಿಗಿಡ. ಮನೆ ಸುಡಬಹುದು ಅಂದಾಗ ಮನುಷ್ಯ ಏನು ಎತ್ತಿಕೊಂಡು ಓಡುತ್ತಾನೆ ಎಂಬುದರಲ್ಲೇ ಅವನ ಜಾತಕ ಇದೆ. ಶಾಲೆಯಲ್ಲಿ ಬ್ಯಾಂಡು ಕಲಿಸುವವನು. ಒಹಾಯೋದವನು. ಮದುವೆಯಾಗಿ ಮೂರು ವರ್ಷವಾದರೂ ನನ್ನನ್ನು "ಸರ್" ಅನ್ನುತ್ತಾನೆ.

"ನಿಮಗೆ ತೊಂದ್ರೆ ಕೊಡ್ತಿದೀನಿ, ಸರ್."

"ಗೊತ್ತಿದ್ದೂ ಬಂದ್ಯಲ್ಲ."

ನನ್ನ ಮೇಜಿನ ಮೇಲಿನ ಹುಂಜದ ಗರಿಗಳನ್ನು ನೋಡಲು ಬಾಗಿದವನು ಒಂದೇ ಸಮನೆ ಸೀನತೊಡಗಿದ. ಅರ್ಧ ದಿನ ಕೂತು ಅಳತೆಗೆ ಹೊಂದಿಸಿಟ್ಟಿದ್ದ ಗರಿಗಳು ಮನೆ ತುಂಬ ಹಾರಾಡಿದವು. ಮೊಣಕಾಲೂರಿ ಎಲ್ಲವನ್ನೂ ಹೆಕ್ಕಿದ, ಹೆಕ್ಕುತ್ತಲೂ ಸೀನಿದ. ಊಟಕ್ಕೆ ಹಾಕಿದ್ದನ್ನೆಲ್ಲ ತಿಂದ. ಪಕ್ಕದ ಬೀದಿಯ ಕ್ರೊಯೇಷಿಯನ್ ಅಜ್ಜಿ ಕೊಟ್ಟಿದ್ದ ಆಕ್ರೋಟಿನ ಸುರುಳಿ ರೊಟ್ಟಿಯನ್ನೂ ಮುಗಿಸಿದ. ಅದನ್ನು ಭಾನುವಾರಕ್ಕೆಂದು ಇಟ್ಟಿದ್ದೆ.

ಜುಲೈ 24

ಬಿಸಿಲಿಗೆ ಹೊಳೆಯ ನೀರು ಕಾಯುತ್ತಿದೆ. ಮಧ್ಯಾಹ್ನ ಎರಡರ ಮೇಲೆ ಯಾರೂ ಗಾಳ ಹಾಕಕೂಡದೆಂದು ಸೇತುವೆಗೆ ಬೋರ್ಡು ತೂಗುಹಾಕಿದ್ದಾರೆ. ಸರಿಯೇ. ಬಿಸಿನೀರಲ್ಲಿ ಟ್ರೌಟನ್ನು ಹಿಡಿದು ಬಿಟ್ಟರೂ ಅದು ಬದುಕುವುದಿಲ್ಲ.

ಬೆಳಿಗ್ಗೆ ಮಾತ್ರ ಎಂಥ ಸೊಗಸು! ಪತಂಗಗಳು ಹಿಮ ಬಿದ್ದ ಹಾಗೆ ಬಿದ್ದವು. ಬಂಡೆ ಪಕ್ಕದ ಮಡುವಿನಲ್ಲಿ ನನ್ನ ಹುಸಿ ಪತಂಗವನ್ನು ತೇಲಿಬಿಟ್ಟೆ. ಒಂದು ಮೂತಿ ಮೇಲೆ ಬಂತು, ಅವಸರವೇ ಇಲ್ಲದೆ, ಪೋಸ್ಟ್‌ಮಾಸ್ಟರು ಟಪಾಲು ತೆಗೆದುಕೊಂಡ ಹಾಗೆ ತೆಗೆದುಕೊಂಡಿತು. ಮೊಳದುದ್ದದ ಕಂದು ಟ್ರೌಟ್. ಬಿಟ್ಟುಬಿಟ್ಟೆ.

ಮನೆಗೆ ಬಂದಾಗ ಮೇಷ್ಟ್ರು ಕಿಟಕಿಯಲ್ಲಿ ಸತ್ತುಬಿದ್ದಿದ್ದ ಪತಂಗವನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತಿದ್ದ.

"ಇದೆಲ್ಲಿಂದ ಬರುತ್ತೆ ಸರ್?"

ಹೇಳಿದೆ. ಇದರ ಹುಳು ಸ್ಪ್ರೂಸ್ ಮತ್ತು ಫರ್ ಮರಗಳ ಎಳೆ ಚಿಗುರನ್ನು ತಿನ್ನುತ್ತದೆ. ಹುಳು ಹೆಚ್ಚಾದ ವರ್ಷ ಪತಂಗ ಹೆಚ್ಚು, ಪತಂಗ ಹೆಚ್ಚಾದ ವರ್ಷ ಮೀನಿಗೆ ಹಬ್ಬ, ನಮಗೂ.

"ಮತ್ತೆ ಮರಕ್ಕೆ?"

"ಮರ ಸೊರಗುತ್ತೆ. ವರ್ಷಾನುಗಟ್ಟಲೆ ಹೀಗೇ ತಿಂದ್ರೆ ಒಣಗಿ ನಿಲ್ಲುತ್ತೆ."

ಅವನು ಗುಡ್ಡದ ಕಡೆ ನೋಡಿದ. ಅಲ್ಲಿ ಹೊಗೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ಹಾಗಾದ್ರೆ ಮಿಲ್ಕಾ ಈಗ ಆರಿಸ್ತಿರೋದು ಇದು ತಿಂದುಬಿಟ್ಟ ಮರಗಳನ್ನೇ."

ಅವನು ಚುಚ್ಚಲು ಹೇಳಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ನಲವತ್ತು ಬೇಸಿಗೆ ಈ ಹುಳು ಬರಲಿ ಬರಲಿ ಎಂದು ಕಾದಿದ್ದೇನೆ. ಮೇಲೆ ನೋಡಿರಲೇ ಇಲ್ಲ. ನೀರನ್ನೇ ನೋಡುತ್ತಿದ್ದೆ.

ಜುಲೈ 28

ಮಿಲ್ಕಾ ಫೋನ್ ಮಾಡಿದಳು. ಮೊದಲು ನಾನೇ ಎತ್ತಿದೆ. ದನಿ ಒಡೆದು ಗಂಡಸಿನ ದನಿಯಾಗಿದೆ. "ಚೆನ್ನಾಗಿದೀನಿ ಅಪ್ಪಾ, ಹೊಗೆ ಅಷ್ಟೇ. ಊಟ ಕೊಡ್ತಾರೆ. ನೀರು ಹೇಗಿದೆ?"

"ಪತಂಗ ಚೆನ್ನಾಗಿ ಬೀಳ್ತಿದೆ."

"ಇಲ್ಲೂ ಬೀಳ್ತಿದೆ. ಬೂದಿ ಯಾವುದು, ಪತಂಗ ಯಾವುದು ಗೊತ್ತಾಗಲ್ಲ. ವೆಂಡೆಲ್‌ಗೆ ಕೊಡು."

ಅಷ್ಟೇ. ಅವನ ಜೊತೆ ತುಂಬ ಹೊತ್ತು ಮಾತಾಡಿದಳು. ಅವನು ಬಾಯಲ್ಲೇ ಯಾವುದೋ ರಾಗ ಊದಿ ಕೇಳಿಸಿದ, ಆ ಕಡೆ ಅವಳು ನಕ್ಕದ್ದು ನನಗೂ ಕೇಳಿತು. ಹಿತ್ತಲಿಗೆ ಹೋಗಿ ಸೌದೆ ಒಡೆದೆ. ಈ ಸೆಖೆಯಲ್ಲಿ ಸೌದೆ ಯಾರಿಗೆ ಬೇಕಿತ್ತೋ.

ಜುಲೈ 31

ಹೊಳೆಯನ್ನು ಪೂರ್ತಿ ಮುಚ್ಚಿದರು. ಬೆಳಿಗ್ಗೆಯೂ ಇಲ್ಲ. ಬರ್ನಿಯ ಅಂಗಡಿ ಮುಂದೆ ದೋಣಿಗಳು ಮಗುಚಿ ಬಿದ್ದಿವೆ.

"ಕಟ್ಟೋದು ನಿಲ್ಸು ಎಮಿಲ್. ಈ ವರ್ಷ ಇನ್ನು ಯಾರೂ ಕೇಳಲ್ಲ."

"ಕೈ ಏನ್ ಮಾಡ್ಲಿ?"

ಅವಳು ಒಂದು ಪೊಟ್ಟಣ ಕೊಕ್ಕೆ ಪುಕ್ಕಟೆ ಕೊಟ್ಟಳು.

ಮನೆಯಲ್ಲಿ ಕಟ್ಟುತ್ತಾ ಕೂತಿದ್ದೆ. ಮೇಷ್ಟ್ರು ಮೂಗು ಬಾಯಿಗೆ ಕರವಸ್ತ್ರ ಬಿಗಿದುಕೊಂಡು, ಬ್ಯಾಂಕು ದೋಚಲು ಬಂದವನಂತೆ ಎದುರು ಕುರ್ಚಿಯಲ್ಲಿ ಕೂತ. ಸೀನು ಬಾರದಿರಲೆಂದು.

"ನಾನೂ ಒಂದು ಕಟ್ಲಾ?"

ಕೊಕ್ಕೆ ಕಚ್ಚಿ ಹಿಡಿಯುವ ಹಳೆಯ ಪುಟ್ಟ ವೈಸನ್ನು ಕೊಟ್ಟೆ. ಕೊಕ್ಕೆಯನ್ನು ಅದರ ಬಾಯಿಗೆ ಕೊಡು, ದಾರ ಸುತ್ತು, ಮೊಲದ ತುಪ್ಪಳವನ್ನು ದಾರಕ್ಕೆ ಹೊಸೆದು ಮೈ ಮಾಡು, ಎಲ್ಕ್ ಕಡವೆಯ ಕೂದಲಲ್ಲಿ ರೆಕ್ಕೆ. ಕೂದಲೇ ಕಷ್ಟ. ಅತಿಯಾಗಿ ಬಿಗಿದರೆ ಪೊರಕೆಯಂತೆ ಕೆದರುತ್ತದೆ, ಸಡಿಲ ಬಿಟ್ಟರೆ ಕೊಕ್ಕೆಯ ಸುತ್ತ ಜಾರುತ್ತದೆ. ಅವನು ಕಟ್ಟಿದ್ದು ಹಳೇ ಹಲ್ಲುಜ್ಜುವ ಬ್ರಷ್ಷಿನ ಹಾಗಿತ್ತು.

"ಇದನ್ನ ನೋಡಿದ್ರೆ ಮೀನು ದಡ ಹತ್ತಿ ಓಡುತ್ತೆ," ಅಂದೆ.

"ಹಿಡಿಯೋಕೆ ಸುಲಭ ಆಯ್ತಲ್ಲ ಸರ್."

ನಗು ಬಂತು. ಕೆಮ್ಮಿದ ಹಾಗೆ ಮಾಡಿದೆ.

ಆಗಸ್ಟ್ 2

ಮಧ್ಯಾಹ್ನ ಗಾಳಿ ತಿರುಗಿತು. ಒಂದು ಪಡೆ ಬೆಂಕಿಯ ನಡುವೆ ಸಿಕ್ಕಿಕೊಂಡಿದೆಯಂತೆ. ಬರ್ನಿ ಬಂದು ಹೇಳಿದಳು. ಯಾವ ಪಡೆ ಅಂತ ಇಲಾಖೆಯವರು ಹೇಳುತ್ತಿಲ್ಲ.

ಆಗಸ್ಟ್ 3

ಬೆಳಿಗ್ಗೆ ಇಬ್ಬರೂ ಟ್ರಕ್ಕಿನಲ್ಲಿ ಹೊರಟೆವು. ರಸ್ತೆಗೆ ಅಡ್ಡ ಹಾಕಿದ್ದರು. ಹಳದಿ ಅಂಗಿಯ ಹುಡುಗಿ, ಮಿಲ್ಕಾಳಿಗಿಂತ ಚಿಕ್ಕವಳು, ಕೈ ಅಡ್ಡ ಹಿಡಿದಳು.

"ಮುಂದೆ ಬಿಡಕ್ಕಾಗಲ್ಲ ಸರ್."

"ನನ್ನ ಮಗಳು ಅಲ್ಲಿದಾಳೆ."

"ಗೊತ್ತಾಯ್ತು ಸರ್. ಆದ್ರೂ ಬಿಡಕ್ಕಾಗಲ್ಲ."

ಅವಳ ಮೇಲೆ ಕೂಗಾಡಿದೆ. ಈ ಹೊಳೆಯ ಒಂದೊಂದು ತಿರುವೂ ನನಗೆ ಗೊತ್ತು, ನೀನು ಹುಟ್ಟೋ ಮೊದಲೇ ಇಲ್ಲಿ ದೋಣಿ ಹಾಕಿದವನು ನಾನು ಅಂದೆ. ಅವಳು ಕೈ ಇಳಿಸಲಿಲ್ಲ. ವೆಂಡೆಲ್ ಹಿಂದಿನಿಂದ ಬಂದು ನನ್ನ ತೋಳು ಹಿಡಿದ.

"ಅವಳ ಕೈಲಿ ಏನೂ ಇಲ್ಲ. ಬನ್ನಿ. ಫೋನ್ ಮನೇಲಿದೆ."

ಮನೆಗೆ ಬಂದು ಕೂತೆವು. ಕಟ್ಟಿದೆವು. ಬೇರೇನು ಮಾಡುವುದು? ಫೋನು ಮೇಜಿನ ಮೇಲೆ ಗರಿಗಳ ನಡುವೆ. ಕಿಟಕಿಯ ಹೊರಗೆ ಬಿಸಿಲು ತಾಮ್ರದ ತಟ್ಟೆಯ ಹಾಗೆ. ಇದ್ದಕ್ಕಿದ್ದಂತೆ ಫೋನ್ ಬಡಿದುಕೊಂಡಿತು, ವೆಂಡೆಲ್ ಬೆಚ್ಚಿಬಿದ್ದ, ಕೊಕ್ಕೆ ಅವನ ಹೆಬ್ಬೆರಳ ಬುಡಕ್ಕೆ ಪೂರ್ತಿ ಇಳಿಯಿತು. ಫೋನ್ ಮಾಡಿದವರು ಏನೋ ಮಾರುವವರು. ನಾನು ಅವರಿಗೆ ಏನೆಂದೆನೋ ದೇವರಿಗೇ ಗೊತ್ತು.

ಗಾಳದ ಕೊಕ್ಕೆಯನ್ನು ಸುಮ್ಮನೆ ಎಳೆದರೆ ಅದರ ಮುಳ್ಳಿಗೆ ಮಾಂಸ ಕಿತ್ತುಬರುತ್ತದೆ. ಗಟ್ಟಿ ದಾರವನ್ನು ಕೊಕ್ಕೆಯ ಬಾಗಿಗೆ ಕೊಟ್ಟು, ಅದರ ಕಣ್ಣಿರುವ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಒಂದೇ ಏಟಿಗೆ ಎಳೆಯಬೇಕು. ಎಷ್ಟೋ ಪ್ರವಾಸಿಗಳಿಗೆ ಮಾಡಿದ್ದೇನೆ.

"ಆ ಕಡೆ ನೋಡು."

"ತಿರುಗಲ್ಲ. ಮಾಡಿ."

ಎಳೆದೆ. ಬಂತು. ಒಂದು ಹನಿ ರಕ್ತ. ಆಮೇಲೆ ಅವನು ಅತ್ತ. ನೋವಿಗಲ್ಲ. ಅವನ ಮಣಿಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು, ಬಿಡಲು ಹೊಳೆಯಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ನಿಜವಾದ ಫೋನ್ ಬಂತು. ಅವಳದೇ ಪಡೆ. ಇಬ್ಬರು ಹೋದರು. ಮಿಲ್ಕಾ ಇದ್ದಾಳೆ. ಕೈಗಳು ಸುಟ್ಟಿವೆ, ಗಂಟಲೊಳಗೂ ಸುಟ್ಟಿದೆ. ವಿಮಾನದಲ್ಲಿ ಸಾಲ್ಟ್ ಲೇಕ್ ಸಿಟಿಗೆ ಒಯ್ದರು. ಹೊರಡುತ್ತಿದ್ದೇವೆ.

ಆಗಸ್ಟ್ 5

ಕಂಡೆವು. ಬಾಯಲ್ಲಿ ಕೊಳವೆ. ಮುಖ ಊದಿ ಕುಂಬಳಕಾಯಿ. ಎರಡು ಕೈಗಳೂ ಬಿಳಿ ಬಟ್ಟೆಯ ಮೂಟೆ. ಉಳಿದೆಡೆ ಒಂದು ಗೀರೂ ಇಲ್ಲ, ಪಾದಗಳು ಹುಟ್ಟಿದ ದಿನ ಇದ್ದ ಹಾಗೇ ಇವೆ. ನಾನು ಪಾದಗಳನ್ನೇ ನೋಡಿದೆ. ಆಮೇಲೆ ಹೊರಗೆ ಬಂದೆ. ಕೋಣೆಯಲ್ಲಿ ನಿಲ್ಲಲಾಗುತ್ತಿಲ್ಲ.

ವೆಂಡೆಲ್ ಒಳಗೇ ಇದ್ದಾನೆ. ಅವಳ ಕಿವಿಯ ಹತ್ತಿರ ಏನೋ ಗುನುಗುತ್ತಾನೆ. ಯಂತ್ರಗಳ ಕೀಂಕೀಂ ಸದ್ದಿಗೆ ಶ್ರುತಿ ಸೇರಿಸಿ ಗುನುಗುತ್ತಾನೆ ಅಂತ ನರ್ಸಮ್ಮ ನಕ್ಕಳು.

ಆಗಸ್ಟ್ 7

ಸರ್ಜನ್ ಬಂದಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ಮಾತು ನೇರ. ಎಡಗೈಯ ಎರಡು ಬೆರಳು, ಕಿರುಬೆರಳು ಮತ್ತು ಅದರ ಪಕ್ಕದ್ದು, ಉಳಿಯುವುದಿಲ್ಲ. ತೆಗೆಯದಿದ್ದರೆ ಕೈಗೇ ಅಪಾಯ. ಮಿಲ್ಕಾಳಿಗೆ ಎಚ್ಚರವಿಲ್ಲ, ಹಾಗಾಗಿ ಗಂಡ ಒಪ್ಪಬೇಕು.

ವೆಂಡೆಲ್ ನನ್ನ ಕಡೆ ತಿರುಗಿದ. "ನೀವು ಹೇಳಿ."

ಆ ಬೆರಳುಗಳಿಗೆ ದಾರ ಹಿಡಿಯಲು ಕಲಿಸಿದ್ದು ನಾನು. ಆಗ ಅವಳು ಆರು ವರ್ಷದವಳು, ಕುರ್ಚಿಯ ಮೇಲೆ ಫೋನ್ ಡೈರೆಕ್ಟರಿ ಇಟ್ಟು ಕೂರಿಸುತ್ತಿದ್ದೆ.

"ನಿನ್ನ ಹೆಂಡತಿ," ಅಂದೆ. ಅಷ್ಟೇ ಬಾಯಿಂದ ಬಂದದ್ದು.

ಅವನು ಸರ್ಜನ್‌ರನ್ನು ಒಂದೊಂದೇ ಪ್ರಶ್ನೆ ಕೇಳಿದ. ಹೆಬ್ಬೆರಳು, ತೋರುಬೆರಳು ಸೇರುತ್ತವಾ? ಚಿವುಟಲು ಆಗುತ್ತಾ? ಗುಂಡಿ ಹಾಕಿಕೊಳ್ಳಲು? ಬಲಗೈ ಮುಷ್ಟಿ ಪೂರ್ತಿ ಮುಚ್ಚುತ್ತಾ? ಚಳಿಗಾಲದಲ್ಲಿ ನೋವಿರುತ್ತಾ? ನನಗೆ ಅದರಲ್ಲಿ ಒಂದೂ ಹೊಳೆದಿರಲಿಲ್ಲ. ಆಮೇಲೆ ಸಹಿ ಹಾಕಿದ. ಸಹಿ ಹಾಕಿ ಬಚ್ಚಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ನಾನು ಬಾಗಿಲ ಹೊರಗೆ ಅವನ ಕೋಟು ಹಿಡಿದು ನಿಂತಿದ್ದೆ.

ಆಗಸ್ಟ್ 8

ಆಯಿತು. ನಿದ್ದೆಯಲ್ಲಿದ್ದಾಳೆ.

ಆಗಸ್ಟ್ 10

ಟ್ರಕ್ಕಿನ ಸೀಟಿನ ಹಿಂದೆ ವೈಸುಗಳೆರಡೂ, ದಾರ ಕೂದಲಿನ ಡಬ್ಬಿಯೂ ಸಿಕ್ಕವು. ಗಡಿಬಿಡಿಯಲ್ಲಿ ಬಟ್ಟೆ ಬಿಟ್ಟು ಇವನ್ನು ತುಂಬಿಸಿದ್ದೇವೆ. ನೀವೇ ಹಾಕಿದ್ದು ಅಂತ ಅವನು, ನೀನೇ ಹಾಕಿದ್ದು ಅಂತ ನಾನು.

ಕಾಯುವ ಕೋಣೆಯ ಮೂಲೆಯಲ್ಲಿ ಮೇಜಿದೆ. ಅಲ್ಲಿ ಕೂತು ಕಟ್ಟಿದೆವು. ಗರಿ ಬಿಟ್ಟು ಬರೀ ಕೂದಲಲ್ಲೇ ಕಟ್ಟುವ ಉಪಾಯ ಮಾಡಿದ್ದೇನೆ, ಇವನ ಸೀನು ಇಲ್ಲಿ ಆಗದು. ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿ ಗಂಡನಿಗೆ ಸುಟ್ಟಿದೆ ಅಂತ ಬಂದಿರುವ ಹೆಂಗಸೊಬ್ಬಳು ಪಕ್ಕ ಬಂದು ನಿಂತಳು.

"ಏನದು ನೀವು ಮಾಡ್ತಿರೋದು?"

"ನಾವು ಪತಂಗ ಕಟ್ತೀವಿ," ಅಂದೆ. "ಟ್ರೌಟ್‌ಗೆ."

"ಮೀನಿಗೆ ಮೋಸ ಗೊತ್ತಾಗಲ್ವಾ?"

"ಇವನು ಕಟ್ಟಿದ್ದಾದ್ರೆ ಗೊತ್ತಾಗುತ್ತೆ."

"ಮೊನ್ನೆವರೆಗೆ ಗೊತ್ತಾಗ್ತಿತ್ತು," ಅಂದ ವೆಂಡೆಲ್. ನಿಜವೇ. ಇವತ್ತಿನದರ ರೆಕ್ಕೆ ಬೆನ್ನಿನ ಮೇಲೆ ಸಮನಾಗಿ, ಸೂರಿನ ಹಾಗೆ ಕೂತಿತ್ತು. ಅವನಿಗೆ ಹೇಳಲಿಲ್ಲ. ಹೇಳಿದರೆ ಕೈ ಸಡಿಲವಾಗುತ್ತದೆ.

ಬರ್ನಿ ಫೋನ್ ಮಾಡಿದ್ದಳು. ಪತಂಗದ ಹಂಗಾಮು ಮುಗಿಯಿತಂತೆ, ಒಂದೂ ಬೀಳುತ್ತಿಲ್ಲವಂತೆ. ಬೆಂಕಿ ಇನ್ನೂ ಉರಿಯುತ್ತಿದೆ.

ಆಗಸ್ಟ್ 13

ಕೊಳವೆ ತೆಗೆದರು. ಮಿಲ್ಕಾಳ ಗಂಟಲಿಂದ ಬರುವುದು ಮಾತಲ್ಲ, ಮರಳ ಮೇಲೆ ದೋಣಿ ಎಳೆದ ಸದ್ದು. ಮೊದಲು ವೆಂಡೆಲ್‌ನನ್ನು ನೋಡಿದಳು, ಆಮೇಲೆ ನನ್ನನ್ನು.

"ಯಾರ್ಯಾರು?"

ಅವಳು ಕೇಳುತ್ತಾಳೆ ಅಂತ ಗೊತ್ತಿತ್ತು. ದಾರಿಯುದ್ದಕ್ಕೂ, ಇಲ್ಲಿ ಬಂದ ಮೇಲೂ, ಇದನ್ನು ಹೇಳುವವನು ನಾನೇ, ಈ ಮೆತ್ತನೆಯ ಮನುಷ್ಯನಿಂದ ಆಗದು ಅಂದುಕೊಂಡಿದ್ದೆ. ಬಾಯಿ ತೆರೆದೆ. "ಈಗ ಅದೆಲ್ಲ ಯಾಕೆ ಮಗಾ, ಸುಧಾರಿಸ್ಕೋ," ಅಂತ ಬಂತು.

ಅವಳು ಕಣ್ಣು ನನ್ನಿಂದ ತೆಗೆದಳು.

ವೆಂಡೆಲ್ ಮಂಚದ ಪಕ್ಕ ಬಗ್ಗಿ, ಅವಳ ಮುಖದ ನೇರಕ್ಕೆ ತನ್ನ ಮುಖ ತಂದು ಹೇಳಿದ. "ಹ್ಯಾಸ್ಕೆಲ್. ಮತ್ತೆ ಟೋಬಿನ್ ಸ್ಕೋಗ್. ಬೇರೆ ಎಲ್ಲರೂ ಇದಾರೆ."

ಸುತ್ತಿ ಬಳಸಲಿಲ್ಲ. ಕಣ್ಣು ತಪ್ಪಿಸಲಿಲ್ಲ. ಹ್ಯಾಸ್ಕೆಲ್ ಅವಳ ಪಡೆಯ ನಾಯಕ. ಟೋಬಿನ್ ಈ ವರ್ಷವೇ ಸೇರಿದವನು. ಮಿಲ್ಕಾ ಅಳಲಿಲ್ಲ. ಚಾವಣಿ ನೋಡುತ್ತಾ ಮಲಗಿದಳು. ನಾನು ಗೋಡೆ ನೋಡುತ್ತಾ ನಿಂತೆ. ಹೊರಗೆ ಬಂದ ಮೇಲೆ ಅವನಿಗೆ ಕಾಫಿ ತಂದುಕೊಟ್ಟೆ. ಸಕ್ಕರೆ ಎರಡು ಚಮಚ ಹಾಕುತ್ತಾನೆ.

ಆಗಸ್ಟ್ 16

ಮಿಲ್ಕಾ ಇವತ್ತು ಸ್ವಲ್ಪ ಮಾತಾಡಿದಳು. ಬೆಂಕಿ ಗುಡ್ಡ ಹತ್ತಿ ಬಂದಾಗ ಓಡಲು ದಾರಿಯಿರಲಿಲ್ಲ. ಎಲ್ಲರೂ ಶಾಖ ತಡೆಯುವ, ಬೆಳ್ಳಿ ಹಾಳೆಯಂಥ ತಮ್ಮ ತಮ್ಮ ಗುಡಾರ ಬಿಚ್ಚಿ ಮೈಮೇಲೆಳೆದುಕೊಂಡು ನೆಲಕ್ಕೆ ಮುಖವಿಟ್ಟು ಮಲಗಿದರು. ಗಾಳಿ ಅವಳ ಕೈಗವಸುಗಳನ್ನು ಕಿತ್ತೊಯ್ದಿತ್ತು. ಬರಿಗೈಯಲ್ಲೇ ಗುಡಾರದ ಅಂಚನ್ನು ನೆಲಕ್ಕೆ ಅದುಮಿ ಹಿಡಿದಿದ್ದಳು. ಕೈಗಳು ಸುಟ್ಟದ್ದು ಹಾಗೆ. ಪಕ್ಕದಲ್ಲಿ ಟೋಬಿನ್. ಅವನಿಗೆ ಶಾಖ ತಡೆಯಲಾಗಲಿಲ್ಲ.

"ಅವನು ಎದ್ದ ಅಪ್ಪಾ. ಒಂದು ಕೈ ಚಾಚಿದ್ರೆ ಸಿಗ್ತಿದ್ದ."

ಅದು ನಿನ್ನ ತಪ್ಪಲ್ಲ ಅಂತ ಹೇಳಬೇಕೆಂದಿದ್ದೆ. ಎಲ್ಲರೂ ಹೇಳುವ ಮಾತು. ಹೇಳಿದೆ ಕೂಡ. ಅದು ಅವಳ ಮೇಲೆ ಬಿದ್ದು, ಎಣ್ಣೆ ಮೇಲೆ ಬಿದ್ದ ನೀರಿನ ಹಾಗೆ ಜಾರಿಹೋಯಿತು. ವೆಂಡೆಲ್‌ನನ್ನು ನೋಡಿದಳು.

"ಸಿಗ್ತಿದ್ನಾ?"

"ಗೊತ್ತಿಲ್ಲ ಮಿಲ್ಕಾ. ನಾನಲ್ಲಿರಲಿಲ್ಲ."

ಅದಾದ ಮೇಲೆ ಊಟವನ್ನೂ ದೂಡಿದಳು. ನಮ್ಮಿಬ್ಬರಿಗೂ ಏನು ಮಾಡಬೇಕೋ ತಿಳಿಯದು. ಇವತ್ತು ಕಟ್ಟಲಿಲ್ಲ.

ಆಗಸ್ಟ್ 17

ತಿನ್ನಲಿಲ್ಲ. ಕಿಟಕಿ ಪರದೆ ತೆಗೆಯಬೇಡಿ ಅಂದಳು.

ಆಗಸ್ಟ್ 20

ಟೋಬಿನ್‌ನ ತಾಯಿ ಬಂದಿದ್ದಳು. ಐಡಾಹೋದಲ್ಲಿ ಶಾಲಾ ಬಸ್ಸು ಓಡಿಸುವ ಹೆಂಗಸು. ಅಗಲ ಭುಜ, ಚಿಕ್ಕದಾಗಿ ಕತ್ತರಿಸಿದ ಕೂದಲು, ಎರಡೂ ಕೈಯಿಂದ ಒಂದು ಪರ್ಸು ಹಿಡಿದಿದ್ದಳು. ಹೆಸರು ಅರ್ಲೀನ್. ಮಗನನ್ನು ಮಣ್ಣು ಮಾಡಿ ಮೂರನೆಯ ದಿನ ಒಬ್ಬಳೇ ಕಾರಿನಲ್ಲಿ ಬಂದಿದ್ದಾಳೆ.

"ಅವನ ಪಕ್ಕದಲ್ಲಿದ್ದ ಹುಡುಗೀನ ನೋಡ್ಬೇಕಿತ್ತು."

ನಾನು ಬಾಗಿಲಿಗೆ ಅಡ್ಡ ನಿಂತೆ. "ಈಗ ಬೇಡಮ್ಮ. ಅವಳಿಗೆ ತಾಳೋ ಶಕ್ತಿ ಇಲ್ಲ."

"ನಂಗೂ ಇಲ್ಲ," ಅಂದಳು ಅರ್ಲೀನ್. ಜಗಳದ ದನಿಯಲ್ಲ. ಗಡಿಯಾರದಲ್ಲಿ ಎಷ್ಟಾಯಿತು ಅಂತ ಹೇಳುವ ದನಿ.

ವೆಂಡೆಲ್ ಎದ್ದ. "ಮಿಲ್ಕಾನ ಕೇಳ್ತೀನಿ. ಅವಳು ಬೇಡ ಅಂದ್ರೆ ಬೇಡ." ಒಳಗೆ ಹೋಗಿ ಬಂದ. "ಬನ್ನಿ ಅಂದ್ಲು. ಎಮಿಲ್, ನೀವೂ ಬನ್ನಿ."

ಅರ್ಲೀನ್ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತಳು. ಮೊದಲು ಬಟ್ಟೆ ಸುತ್ತಿದ ಕೈಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಿಲ್ಕಾ ತಾನಾಗಿಯೇ ಶುರುಮಾಡಿದಳು.

"ಅವನು ಎದ್ದ. ಏಳಬೇಡ ಅಂತ ಕೂಗಿದೆ. ಹೆಸರು ಹಿಡಿದು ಕೂಗಿದೆ. ನನ್ನ ಎರಡೂ ಕೈ ಅಂಚು ಹಿಡಿದಿದ್ವು. ಒಂದು ಬಿಟ್ಟಿದ್ರೆ..."

"ಬಿಟ್ಟಿದ್ರೆ ನೀನೂ ಹೋಗ್ತಿದ್ದೆ ಅಂತ ಆಫೀಸರು ನಂಗೆ ಚಿತ್ರ ಬರೆದು ತೋರಿಸಿದ್ರು. ಅದನ್ನ ಕೇಳೋಕೆ ಬಂದಿಲ್ಲ ನಾನು. ನಂಗೆ ಒಂದೇ ಹೇಳು. ನೀನು ಕೂಗಿದ್ದು ಅವನಿಗೆ ಕೇಳಿಸ್ತಾ?"

ಮಿಲ್ಕಾ ಕಣ್ಣು ಮುಚ್ಚಿದಳು. ಬೇಕಾದ ಉತ್ತರ ಹುಡುಕುತ್ತಿಲ್ಲ, ನಿಜವನ್ನೇ ಹುಡುಕುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಚಿಕ್ಕಂದಿನಿಂದ ಅವಳ ಮುಖ ಹಾಗೆಯೇ.

"ಕೇಳಿಸ್ತು. ಬೆಂಕಿಯ ಸದ್ದು ರೈಲಿನ ಹಾಗಿತ್ತು, ಆದ್ರೂ ಕೇಳಿಸ್ತು. ಅವನು ತಿರುಗಿ ನನ್ನ ಹೆಸರು ಕೂಗಿದ."

"ನಿನ್ನ ಹೆಸರು."

"ಹೂಂ. ಮಿಲ್ಕಾ ಅಂದ. ಒಂದೇ ಸಲ."

ಅರ್ಲೀನ್ ಉಸಿರು ಬಿಟ್ಟಳು. ಆ ಉಸಿರನ್ನು ಐಡಾಹೋದಿಂದ ಹಿಡಿದುಕೊಂಡೇ ಬಂದಿದ್ದಳೇನೋ. "ಹಾಗಾದ್ರೆ ಒಬ್ಬನೇ ಇರ್ಲಿಲ್ಲ," ಅಂದಳು. "ಒಬ್ಬನೇ ಹೋದ ಅಂದ್ಕೊಂಡಿದ್ದೆ. ಅದೊಂದೇ ನಂಗೆ ನುಂಗಕ್ಕಾಗ್ತಿರ್ಲಿಲ್ಲ. ಹೆಸರು ಹಿಡಿದು ಕರೆಯೋರು ಇದ್ರು."

ಆಗ ಮಿಲ್ಕಾ ಅತ್ತಳು. ಇಷ್ಟು ದಿನಗಳಲ್ಲಿ ಮೊದಲ ಸಲ. ಒರೆಸಿಕೊಳ್ಳಲು ಕೈಯಿಲ್ಲ, ನೀರು ಕಿವಿಯತ್ತ ಹರಿಯಿತು. ನಾನು ಮುಂದೆ ಹೋಗುವಷ್ಟರಲ್ಲಿ ಅರ್ಲೀನ್ ತನ್ನ ಅಂಗಿಯ ತೋಳನ್ನು ಎಳೆದು ಬೆರಳಿಗೆ ಸುತ್ತಿ, ಮೆಲ್ಲಗೆ ಒರೆಸತೊಡಗಿದಳು. ಒರೆಸಿದಷ್ಟೂ ಬರುತ್ತಿತ್ತು. ಅವಳೂ ನಿಲ್ಲಿಸಲಿಲ್ಲ.

ನನಗೆ ಮಾಡಲು ಏನೂ ಇರಲಿಲ್ಲ. ಎಂದಿನಂತೆ ಬಾಗಿಲ ಕಡೆ ಹೊರಟೆ. ವೆಂಡೆಲ್ ಹೊರಗಿನಿಂದ ಇನ್ನೊಂದು ಕುರ್ಚಿ ಎತ್ತಿಕೊಂಡು ಬಂದು ಮಂಚದ ಈ ಪಕ್ಕ ಇಟ್ಟ. ಕೂತೆ.